ಬೆಂಗಳೂರಿನಲ್ಲಿ ಸಮುದಾಯ ಮಾನಸಿಕ ಆರೋಗ್ಯ ಸೇವೆಗಳು

ಸಮುದಾಯ ಮಾನಸಿಕ ಆರೋಗ್ಯ ಎಂದರೆ ಮಾನಸಿಕ ಕಾಯಿಲೆಗಳ ಪತ್ತೆ, ಚಿಕಿತ್ಸೆ ಮತ್ತು ಪುನರ್ವಸತಿಯನ್ನು ದೊಡ್ಡ ಆಸ್ಪತ್ರೆಗಳ ಆವರಣದಿಂದ ಹೊರತಂದು, ಜನರು ವಾಸಿಸುವ ಸ್ಥಳದ ಸಮೀಪದಲ್ಲಿಯೇ ಒದಗಿಸುವ ಪದ್ಧತಿ. ಪ್ರಾಥಮಿಕ ಆರೋಗ್ಯ ಕೇಂದ್ರ, ಹಗಲು ಆರೈಕೆ ಕೇಂದ್ರ, ಅರ್ಧದಾರಿ ಮನೆ, ಸಹಾಯವಾಣಿ, ಕುಟುಂಬಗಳ ಸ್ವಸಹಾಯ ಗುಂಪು ಇವೆಲ್ಲವೂ ಇದರ ಅಂಗಗಳು. ಭಾರತದಲ್ಲಿ ಈ ಪದ್ಧತಿ ರೂಪುಗೊಂಡ ಮುಖ್ಯ ಸ್ಥಳಗಳಲ್ಲಿ ಬೆಂಗಳೂರು ಒಂದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಲೇಖನವು ಮಾನಸಿಕ ಆರೋಗ್ಯದ ಮೇಲೆ ಪ್ರಭಾವ ಬೀರುವ ಅಂಶಗಳನ್ನು, ವಿಶೇಷವಾಗಿ ಮಹಾಲಕ್ಷ್ಮಿ ಲೇಔಟ್, ರಾಜಾಜಿನಗರ, ವಿಜಯನಗರ, ಕೆಂಗೇರಿ ಮುಂತಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಹಿನ್ನೆಲೆಯಲ್ಲಿ, ಹಾಗೂ ಲಭ್ಯವಿರುವ ಸೇವೆಗಳನ್ನು ವಿವರಿಸುತ್ತದೆ.

ಪ್ರಭಾವ ಬೀರುವ ಅಂಶಗಳು

ಮಾನಸಿಕ ಕಾಯಿಲೆಗೆ ಒಂದೇ ಕಾರಣವನ್ನು ಗುರುತಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಜೈವಿಕ, ಮಾನಸಿಕ ಮತ್ತು ಸಾಮಾಜಿಕ ಅಂಶಗಳು ಒಂದರೊಡನೊಂದು ಹೆಣೆದುಕೊಂಡಿರುತ್ತವೆ ಎಂಬುದು ಈಗ ಒಪ್ಪಿತವಾದ ದೃಷ್ಟಿ.

ಅನುವಂಶೀಯತೆಯ ಪಾತ್ರವು ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತದೆ. ಸ್ಕಿಜೋಫ್ರೀನಿಯಾ ಸುಮಾರು ನೂರರಲ್ಲಿ ಒಬ್ಬರಿಗೆ ಜೀವಿತಾವಧಿಯಲ್ಲಿ ಕಾಣಿಸಿಕೊಳ್ಳುತ್ತದೆ. ತಂದೆ ಅಥವಾ ತಾಯಿಗೆ ಈ ಕಾಯಿಲೆಯಿದ್ದಲ್ಲಿ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಹತ್ತು ಪ್ರತಿಶತ. ಎಂದರೆ ಅಂತಹ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಅದು ಬರುವುದಿಲ್ಲ. ಮದುವೆಯ ಮಾತುಕತೆಗಳಲ್ಲಿ ಈ ಎರಡನೆಯ ಅರ್ಧವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಥೈರಾಯ್ಡ್ ಗ್ರಂಥಿಯ ಕೊರತೆ, ಮಧುಮೇಹ, ಪಾರ್ಶ್ವವಾಯು ಮುಂತಾದ ದೈಹಿಕ ಕಾಯಿಲೆಗಳೊಂದಿಗೆ ಖಿನ್ನತೆ ಕಾಣಿಸಿಕೊಳ್ಳುವುದುಂಟು. ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಂಡುಬರುವ ವಿಟಮಿನ್ ಬಿ12 ಕೊರತೆಯೂ ಮರೆವು, ದಣಿವು, ಮಂಕುತನಗಳಿಗೆ ಕಾರಣವಾಗಬಲ್ಲದು. ಆದ್ದರಿಂದಲೇ ಮನೋವೈದ್ಯರು ಮೊದಲ ಭೇಟಿಯಲ್ಲಿ ರಕ್ತಪರೀಕ್ಷೆ ಬರೆದುಕೊಡುವುದುಂಟು.

ವಯಸ್ಸು ಮತ್ತೊಂದು ಅಂಶ. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು 14 ವರ್ಷದೊಳಗೆ ಆರಂಭವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಅವುಗಳಲ್ಲಿ ಬಹುಪಾಲು ಆ ಹಂತದಲ್ಲಿ ಗುರುತಾಗುವುದೇ ಇಲ್ಲ. ಓದಿನಲ್ಲಿ ಹಿಂದೆ ಬೀಳುವುದು, ಸಿಡುಕು, ಶಾಲೆಗೆ ಹೋಗಲು ನಿರಾಕರಣೆ ಇವುಗಳನ್ನು ಹಠ ಅಥವಾ ಸೋಮಾರಿತನವೆಂದು ಭಾವಿಸಲಾಗುತ್ತದೆ.

ಸಾಮಾಜಿಕ ಅಂಶಗಳು ಬಡಾವಣೆಯಿಂದ ಬಡಾವಣೆಗೆ ಭಿನ್ನ. 1949ರಲ್ಲಿ ಆರಂಭವಾದ ರಾಜಾಜಿನಗರ ಕೈಗಾರಿಕಾ ಕಾರ್ಮಿಕರ ವಸತಿಯಾಗಿ ಬೆಳೆದ ಪ್ರದೇಶ. ಅದರ ಪಕ್ಕದ ಮಹಾಲಕ್ಷ್ಮಿ ಲೇಔಟ್ ಮತ್ತು ಬಸವೇಶ್ವರನಗರಗಳಲ್ಲಿ ನಿವೃತ್ತ ನೌಕರರ ಮನೆಗಳು ಬಹಳ. ಮಕ್ಕಳು ವೈಟ್‌ಫೀಲ್ಡ್‌ನಲ್ಲಿಯೋ ವಿದೇಶದಲ್ಲಿಯೋ ನೆಲೆಸಿ, ಎರಡಂತಸ್ತಿನ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ, ಕೆಲವೊಮ್ಮೆ ಒಬ್ಬರೇ, ಉಳಿದಿರುವ ಸಂದರ್ಭಗಳು ಇಲ್ಲಿ ಅಪರೂಪವಲ್ಲ. ಒಂಟಿತನ, ಸಂಗಾತಿಯ ಅಗಲಿಕೆ ಮತ್ತು ಮರೆಗುಳಿತನ ಈ ವಯೋಮಾನದ ಮುಖ್ಯ ಸಮಸ್ಯೆಗಳು. ಉತ್ತರಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಸಾಗಿದರೆ ಲಗ್ಗೆರೆ, ರಾಜಗೋಪಾಲನಗರಗಳಲ್ಲಿ ಚಿತ್ರ ಬೇರೆಯಾಗುತ್ತದೆ. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವ ಮಹಿಳೆಯರಿಗೆ ಉತ್ಪಾದನಾ ಗುರಿಯ ಒತ್ತಡ, ಬಾಡಿಗೆ, ಗಂಡನ ಕುಡಿತ ಮತ್ತು ಸಾಲ ಒಟ್ಟೊಟ್ಟಿಗೆ ಎದುರಾಗುತ್ತವೆ. ಕಿರುಸಾಲ ಸಂಸ್ಥೆಗಳ ವಸೂಲಿ ಕಿರುಕುಳ ರಾಜ್ಯದಾದ್ಯಂತ ಎಷ್ಟು ತೀವ್ರವಾಗಿತ್ತೆಂದರೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ವಿಜಯನಗರ ಮತ್ತು ಅದರ ಸುತ್ತಮುತ್ತಲಿನ ಪ್ರದೇಶಗಳು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಗೆ ಹೆಸರಾಗಿವೆ. ಉತ್ತರ ಕರ್ನಾಟಕದ ಹಾಗೂ ಹಳೆ ಮೈಸೂರಿನ ಹಳ್ಳಿಗಳಿಂದ ಬಂದ ಸಾವಿರಾರು ಯುವಕ ಯುವತಿಯರು ಇಲ್ಲಿನ ಪಿ.ಜಿ.ಗಳಲ್ಲಿ ಉಳಿದು ವರ್ಷಗಟ್ಟಲೆ ಓದುತ್ತಾರೆ. ಇವರ ಮೇಲಿನ ಒತ್ತಡ ಪಠ್ಯದ್ದಷ್ಟೇ ಅಲ್ಲ. 2021ರ ಅಕ್ಟೋಬರ್‌ನಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯು ಅಕ್ರಮದ ಕಾರಣ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಊರಿನಿಂದ ಬರುವ ಹಣ, ಏರುವ ವಯೋಮಿತಿ, ಮನೆಯವರ ನಿರೀಕ್ಷೆ ಇವುಗಳ ನಡುವೆ ಇಂತಹ ಅನಿಶ್ಚಿತತೆಯನ್ನು ವೈಯಕ್ತಿಕ ದೌರ್ಬಲ್ಯವೆಂದು ಕರೆಯುವುದು ಸರಿಯಾಗಲಾರದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ಆತ್ಮಹತ್ಯೆಗಳ ಹಿನ್ನೆಲೆಯಾಗಿ ಅತಿ ಹೆಚ್ಚು ದಾಖಲಾದುದು ಕೌಟುಂಬಿಕ ಸಮಸ್ಯೆ (31.7%), ಅನಂತರ ಅನಾರೋಗ್ಯ (18.4%). ಇವು ಪೊಲೀಸ್ ದಾಖಲೆಯ ವರ್ಗೀಕರಣಗಳೇ ಹೊರತು ವೈದ್ಯಕೀಯ ವಿವರಣೆಗಳಲ್ಲ. ಒಂದು ಸಾವಿನ ಹಿಂದೆ ಚಿಕಿತ್ಸೆ ಸಿಗದ ಖಿನ್ನತೆ, ಮದ್ಯಪಾನ, ಸಾಲ, ಜಗಳ ಎಲ್ಲವೂ ಇರಬಹುದು, ದಾಖಲೆಯಲ್ಲಿ ಉಳಿಯುವುದು ಒಂದೇ ಪದ.

ವ್ಯಾಪ್ತಿ

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 10.6% ಮಂದಿ ಸಮೀಕ್ಷೆಯ ಕಾಲದಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆಯನ್ನು ಹೊಂದಿದ್ದರು. ಮಹಾನಗರಗಳಲ್ಲಿ ಈ ಪ್ರಮಾಣ 13.5%, ಗ್ರಾಮೀಣ ಪ್ರದೇಶದಲ್ಲಿ 6.9%. ಬೇರೆ ಬೇರೆ ಕಾಯಿಲೆಗಳಲ್ಲಿ 70ರಿಂದ 92% ರೋಗಿಗಳಿಗೆ ಚಿಕಿತ್ಸೆ ದೊರೆತಿರಲಿಲ್ಲ. ಸಮೀಕ್ಷೆಯು 12 ರಾಜ್ಯಗಳಲ್ಲಿ ನಡೆಯಿತು. ಸಮೀಕ್ಷೆಯನ್ನು ರೂಪಿಸಿದ ಸಂಸ್ಥೆ ಬೆಂಗಳೂರಿನದೇ ಆದರೂ ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ. ಪೂರ್ವಭಾವಿ ಅಧ್ಯಯನ ಮಾತ್ರ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು. ಹೀಗಾಗಿ ಈ ಅಂಕಿಗಳನ್ನು ನೇರವಾಗಿ ಬೆಂಗಳೂರಿಗೆ ಅನ್ವಯಿಸುವಾಗ ಎಚ್ಚರ ಅಗತ್ಯ.

ಇತಿಹಾಸ

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮೂಲ 19ನೆಯ ಶತಮಾನದ ಮಧ್ಯಭಾಗದ ಆಶ್ರಯಾಲಯದಲ್ಲಿದೆ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. 1930ರ ದಶಕದಲ್ಲಿ ಅದು ಹೊಸೂರು ರಸ್ತೆಯ ಈಗಿನ ಆವರಣಕ್ಕೆ ಸ್ಥಳಾಂತರಗೊಂಡಿತು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರ ಡಿಸೆಂಬರ್ 27ರಂದು ಇವೆರಡೂ ವಿಲೀನಗೊಂಡು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ರೂಪುಗೊಂಡಿತು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಸಮಾನಾಂತರವಾದುದು ಧಾರವಾಡದ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್.

ಆಸ್ಪತ್ರೆ ಎಷ್ಟೇ ದೊಡ್ಡದಾದರೂ ಹಳ್ಳಿಯ ರೋಗಿ ಅಲ್ಲಿಗೆ ತಲುಪುವಷ್ಟರಲ್ಲಿ ಕಾಯಿಲೆ ಹಳೆಯದಾಗಿರುತ್ತಿತ್ತು. ಈ ಅನುಭವದಿಂದ 1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಯಿತು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಮನೋವೈದ್ಯರಲ್ಲದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ನೀಡುವುದನ್ನು ಕಲಿಸಬಹುದೇ ಎಂಬುದನ್ನು ಪರೀಕ್ಷಿಸಲಾಯಿತು. ಇದೇ ಕಾಲದಲ್ಲಿ ಚಂಡೀಗಢದ ಸಂಸ್ಥೆಯು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಇಂತಹದೇ ಕೆಲಸವನ್ನು ನಡೆಸುತ್ತಿತ್ತು. ಈ ಎರಡರ ಅನುಭವವು 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು.

ಬಳ್ಳಾರಿ ಮಾದರಿ

ಒಂದು ಕೇಂದ್ರದಲ್ಲಿ ಸಾಧ್ಯವಾದದ್ದು ಇಡೀ ಜಿಲ್ಲೆಯಲ್ಲಿ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸುಮಾರು 20 ಲಕ್ಷ ಜನಸಂಖ್ಯೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ಪ್ರಯೋಗ ನಡೆಯಿತು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್ ಮುಂತಾದ ನಿಮ್ಹಾನ್ಸ್ ವೈದ್ಯರು ಇದರಲ್ಲಿ ತೊಡಗಿದ್ದರು.

ಯೋಜನೆ ಸರಳವಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ, ಕೇಂದ್ರಗಳಲ್ಲಿಯೇ ಕೆಲವೇ ಅತ್ಯಗತ್ಯ ಔಷಧಗಳ ದಾಸ್ತಾನು, ಸುಲಭವಾದ ದಾಖಲೆ ಪದ್ಧತಿ, ಜಿಲ್ಲಾ ಮಟ್ಟದಲ್ಲಿ ತಜ್ಞರ ತಂಡದ ಮೇಲ್ವಿಚಾರಣೆ. ಅಪಸ್ಮಾರವನ್ನೂ ಇದರಲ್ಲಿ ಸೇರಿಸಲಾಗಿತ್ತು. ಅದು ನರಸಂಬಂಧಿ ಕಾಯಿಲೆಯಾದರೂ ಅದರ ಕಳಂಕ ಮತ್ತು ಚಿಕಿತ್ಸೆಯ ಕೊರತೆ ಮಾನಸಿಕ ಕಾಯಿಲೆಗಳಂತೆಯೇ ಇದ್ದುವು. 1996ರಲ್ಲಿ ಕೇಂದ್ರ ಸರ್ಕಾರವು ಬಳ್ಳಾರಿಯನ್ನು ಮಾದರಿಯಾಗಿಟ್ಟುಕೊಂಡು ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅನಂತರ ಅದು ದೇಶದ ಬಹುತೇಕ ಜಿಲ್ಲೆಗಳಿಗೆ ಹರಡಿತು. ಆದರೆ ಬಳ್ಳಾರಿಯಲ್ಲಿ ಇದ್ದ ನಿರಂತರ ಮೇಲ್ವಿಚಾರಣೆಯು ಹರಡುವಿಕೆಯಲ್ಲಿ ಅಷ್ಟೇ ಬಲವಾಗಿ ಉಳಿಯಲಿಲ್ಲ ಎಂಬ ಟೀಕೆಯಿದೆ.

ಇದೇ ಪರಂಪರೆಯಲ್ಲಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 2005ರಿಂದ, ಅನಂತರ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ, ತೀವ್ರ ಮಾನಸಿಕ ಕಾಯಿಲೆಯ ರೋಗಿಗಳನ್ನು ತಾಲ್ಲೂಕಿನಾದ್ಯಂತ ಗುರುತಿಸಿ ದೀರ್ಘಕಾಲ ಹಿಂಬಾಲಿಸಿ ಚಿಕಿತ್ಸೆ ನೀಡುವ ಕಾರ್ಯಕ್ರಮಗಳು ನಡೆದಿವೆ.

ಸರ್ಕಾರಿ ಸೇವೆಗಳು

ಜಿಲ್ಲಾ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತು ದಾದಿಯರು ಇರುತ್ತಾರೆ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಲಭ್ಯರಾಗುತ್ತಾರೆ. ಮಾನಸಧಾರಾ ಕೇಂದ್ರಗಳು ಚೇತರಿಸಿಕೊಳ್ಳುತ್ತಿರುವವರಿಗೆ ಹಗಲು ಆರೈಕೆ ನೀಡುತ್ತವೆ. 2022ರಲ್ಲಿ ಮೆದುಳಿನ ಆರೋಗ್ಯ ಕಾರ್ಯಕ್ರಮವೂ ಸೇರಿಕೊಂಡಿತು.

ಪಶ್ಚಿಮ ಬೆಂಗಳೂರಿನವರಿಗೆ ನಿಮ್ಹಾನ್ಸ್ ನಗರದ ಇನ್ನೊಂದು ಬದಿಯಲ್ಲಿದೆ. ಮಹಾಲಕ್ಷ್ಮಿ ಮೆಟ್ರೋ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್‌ವರೆಗೆ ಸಾಗಿ ಅಲ್ಲಿಂದ ಬಸ್ಸು ಅಥವಾ ಆಟೋ ಹಿಡಿಯಬಹುದು. ಆದರೆ ಪ್ರತಿ ತಿಂಗಳ ಔಷಧಕ್ಕಾಗಿ ಅರ್ಧ ದಿನದ ಕೂಲಿ ಬಿಡಬೇಕಾಗುವುದು ಅನೇಕರು ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಲು ಕಾರಣ. ಸಮೀಪದ ಸರ್ಕಾರಿ ವ್ಯವಸ್ಥೆಯೆಂದರೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ. ಕಾರ್ಮಿಕ ವಿಮೆಯುಳ್ಳವರಿಗೆ ಹಾಗೂ ಅವರ ಕುಟುಂಬಕ್ಕೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿದೆ. ಪೀಣ್ಯದ ಕಾರ್ಮಿಕರಲ್ಲಿ ಹಲವರಿಗೆ ತಮ್ಮ ಇಎಸ್‌ಐ ಚೀಟಿ ಮನಸ್ಸಿನ ಕಾಯಿಲೆಗೂ ಅನ್ವಯಿಸುತ್ತದೆಂಬುದು ತಿಳಿದಿರುವುದಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ 108 ನಮ್ಮ ಕ್ಲಿನಿಕ್‌ಗಳು ಉದ್ಘಾಟನೆಗೊಂಡವು. ಸಮಗ್ರ ಪ್ರಾಥಮಿಕ ಆರೋಗ್ಯ ಸೇವೆಯ 12 ವಿಭಾಗಗಳಲ್ಲಿ ಮಾನಸಿಕ ಕಾಯಿಲೆಗಳ ತಪಾಸಣೆಯೂ ಸೇರಿದೆ.

ದೂರದ ಸಮಸ್ಯೆಗೆ ಭಾಗಶಃ ಉತ್ತರ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾದ ಈ ಉಚಿತ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಇದರ ರಾಷ್ಟ್ರೀಯ ಕೇಂದ್ರ ನಿಮ್ಹಾನ್ಸ್. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ತಾಂತ್ರಿಕ ನೆರವು ನೀಡುತ್ತದೆ. ಅದೇ ಸಂಸ್ಥೆ ರಾಜ್ಯದ ಇ-ಮಾನಸ್ ದಾಖಲೆ ವ್ಯವಸ್ಥೆಯನ್ನೂ (2021) ರೂಪಿಸಿದೆ.

ನಿಮ್ಹಾನ್ಸ್‌ನ ವಿಶೇಷ ಸೇವೆಗಳಲ್ಲಿ ಬಾಣಂತಿಯರ ಮಾನಸಿಕ ಕಾಯಿಲೆಗಾಗಿ 2009ರಲ್ಲಿ ತೆರೆದ ತಾಯಿ-ಮಗು ಘಟಕ ಗಮನಾರ್ಹ. ಇಲ್ಲಿ ಚಿಕಿತ್ಸೆಯ ಅವಧಿಯಲ್ಲಿ ಶಿಶುವನ್ನು ತಾಯಿಯಿಂದ ಬೇರ್ಪಡಿಸುವುದಿಲ್ಲ. ಮೊಬೈಲ್ ಹಾಗೂ ಅಂತರಜಾಲದ ಗೀಳಿಗಾಗಿ 2014ರಲ್ಲಿ ಆರಂಭವಾದ ಶಟ್ ಕ್ಲಿನಿಕ್ ವಿದ್ಯಾರ್ಥಿಗಳ ಪೋಷಕರಲ್ಲಿ ಪರಿಚಿತ.

ಸ್ವಯಂಸೇವಾ ಸಂಸ್ಥೆಗಳು

ಬೆಂಗಳೂರಿನಲ್ಲಿ ಪುನರ್ವಸತಿಯ ಕೆಲಸವನ್ನು ಮೊದಲು ಕೈಗೆತ್ತಿಕೊಂಡವು ಖಾಸಗಿ ಸೇವಾ ಸಂಸ್ಥೆಗಳೇ. 1964ರಲ್ಲಿ ಸ್ಥಾಪನೆಯಾದ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ ದೇಶದ ಆರಂಭಿಕ ಅರ್ಧದಾರಿ ಮನೆಗಳಲ್ಲೊಂದನ್ನು ನಡೆಸಿತು. ಅರ್ಧದಾರಿ ಮನೆ ಎಂದರೆ ಆಸ್ಪತ್ರೆಯಿಂದ ಬಿಡುಗಡೆಯಾದವರು ಅಡುಗೆ, ಹಣದ ವ್ಯವಹಾರ, ಬಸ್ ಪ್ರಯಾಣ ಮುಂತಾದ ದಿನನಿತ್ಯದ ಕೆಲಸಗಳಿಗೆ ಮರಳಿ ಒಗ್ಗಿಕೊಳ್ಳುವ ತಾತ್ಕಾಲಿಕ ವಸತಿ. 1986ರಿಂದ ರಿಚ್ಮಂಡ್ ಫೆಲೋಶಿಪ್ ಸೊಸೈಟಿಯೂ ಈ ಕ್ಷೇತ್ರದಲ್ಲಿದೆ. ರೋಗಿಗಳ ಕುಟುಂಬದವರೇ ಕಟ್ಟಿಕೊಂಡ ಅಮೆಂಡ್ ಎಂಬ ಸಂಘವು ಆರೈಕೆ ಮಾಡುವವರ ದಣಿವನ್ನು ಚರ್ಚೆಗೆ ತಂದಿತು. ಮದ್ಯವ್ಯಸನಿಗಳಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು, ಅವರ ಮನೆಯವರಿಗೆ ಅಲ್-ಅನಾನ್ ಸಭೆಗಳು ನಡೆಯುತ್ತವೆ.

ಕನ್ನಡದಲ್ಲಿ ಮಾನಸಿಕ ಆರೋಗ್ಯದ ಅರಿವು ಹರಡುವಲ್ಲಿ ಸಿ. ಆರ್. ಚಂದ್ರಶೇಖರ್ ಅವರ ಪಾತ್ರ ವಿಶಿಷ್ಟ. ಬಳ್ಳಾರಿ ಪ್ರಯೋಗದಲ್ಲಿ ದುಡಿದ ಅವರು ಅನಂತರ ನೂರಾರು ಕಿರುಹೊತ್ತಗೆಗಳನ್ನೂ ಪತ್ರಿಕಾ ಲೇಖನಗಳನ್ನೂ ಬರೆದರು, ಅರೆಕೆರೆಯಲ್ಲಿ ಸಮಾಧಾನ ಎಂಬ ಉಚಿತ ಆಪ್ತಸಮಾಲೋಚನಾ ಕೇಂದ್ರವನ್ನು ತೆರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಖಿನ್ನತೆ, ಆತಂಕ, ಗೀಳು ಮುಂತಾದ ಪದಗಳು ಇಂದು ವೈದ್ಯರಲ್ಲದ ಕನ್ನಡಿಗರ ಬಾಯಲ್ಲಿಯೂ ಸರಾಗವಾಗಿ ಬರುವುದಕ್ಕೆ ಇಂತಹ ಬರಹಗಳ ಕೊಡುಗೆ ಸಣ್ಣದಲ್ಲ.

ಕಾನೂನು

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017 ಸರ್ಕಾರಿ ಚಿಕಿತ್ಸೆಯನ್ನು ಹಕ್ಕೆಂದು ಘೋಷಿಸುತ್ತದೆ (ಕಲಂ 18). ಮುಂದೆ ಕಾಯಿಲೆ ಬಂದಾಗ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ವಯಸ್ಕರು ಮೊದಲೇ ಬರೆದಿಡಬಹುದು ಹಾಗೂ ತಮ್ಮ ಪರವಾಗಿ ಪ್ರತಿನಿಧಿಯನ್ನು ಹೆಸರಿಸಬಹುದು. ಆರೋಗ್ಯ ವಿಮೆಯು ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ಅನ್ವಯಿಸಬೇಕು. ಕಲಂ 115ರ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ನೀಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಹಳೆಯ ದಂಡ ಸಂಹಿತೆಯ 309ನೆಯ ಕಲಮನ್ನು ಉಳಿಸಿಕೊಂಡಿಲ್ಲ. ಸರ್ಕಾರಿ ನೌಕರನ ಮೇಲೆ ಒತ್ತಡ ಹೇರಲು ನಡೆಸುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಆದರೂ ಪೊಲೀಸ್ ಪ್ರಕರಣದ ಭಯದಿಂದ ಆಸ್ಪತ್ರೆಗೆ ತಡವಾಗಿ ಕರೆತರುವ ಕುಟುಂಬಗಳಿವೆ. ತೀವ್ರ ಮಾನಸಿಕ ಕಾಯಿಲೆಯು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ವ್ಯಾಪ್ತಿಯಲ್ಲಿಯೂ ಬರುತ್ತದೆ. 40% ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಪಡೆದವರು ಸೌಲಭ್ಯಗಳಿಗೆ ಅರ್ಹರು.

ಕೊರತೆಗಳು ಮತ್ತು ಕಳಂಕ

ದೇಶದಲ್ಲಿ ಒಂದು ಲಕ್ಷ ಜನರಿಗೆ ಸುಮಾರು 0.75 ಮನೋವೈದ್ಯರಿದ್ದಾರೆ. ಬೆಂಗಳೂರಿನಲ್ಲಿ ತಜ್ಞರು ಸಿಗುತ್ತಾರೆ, ಆದರೆ ಖಾಸಗಿ ಆಪ್ತಸಮಾಲೋಚನೆಯ ಶುಲ್ಕ ಕಾರ್ಮಿಕ ಕುಟುಂಬಕ್ಕೆ ಎಟಕುವಂಥದ್ದಲ್ಲ. ಗ್ರಾಮೀಣ ತಾಲ್ಲೂಕುಗಳಿಗಾಗಿ ರೂಪಿಸಿದ ಮಾದರಿಯನ್ನು ಮಹಾನಗರದ ಬಡಾವಣೆಗಳಿಗೆ ಹೊಂದಿಸುವ ಕೆಲಸ ಪೂರ್ಣವಾಗಿಲ್ಲ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಗೆ ಪ್ರತಿ ಮನೆಯೂ ಗೊತ್ತು, ಪಿ.ಜಿ.ಯ ಮೂರನೆಯ ಮಹಡಿಯಲ್ಲಿ ಎರಡು ವಾರದಿಂದ ಊಟಕ್ಕೆ ಇಳಿಯದ ಹುಡುಗನನ್ನು ಗಮನಿಸುವವರು ಅನೇಕ ವೇಳೆ ಪಕ್ಕದ ಮಂಚದವರೇ.

ಬೆಂಗಳೂರಿನ ಆಡುಮಾತಿನಲ್ಲಿ ನಿಮ್ಹಾನ್ಸ್ ಎಂಬುದು ಇಂದಿಗೂ ಒಂದು ಬೈಗುಳ. ಅಲ್ಲಿ ಚಿಕಿತ್ಸೆ ಪಡೆಯುವವರಲ್ಲಿ ಪಾರ್ಶ್ವವಾಯು, ಅಪಸ್ಮಾರ, ತಲೆಗೆ ಪೆಟ್ಟಾದ ರೋಗಿಗಳೂ ಅಪಾರ ಸಂಖ್ಯೆಯಲ್ಲಿದ್ದಾರೆ ಎಂಬುದು ಈ ಮಾತನ್ನಾಡುವವರ ಗಮನದಲ್ಲಿರುವುದಿಲ್ಲ. ಅನೇಕ ಕುಟುಂಬಗಳು ಮೊದಲು ದೇವಸ್ಥಾನ, ದರ್ಗಾ ಅಥವಾ ಮಂತ್ರವಾದಿಗಳ ಬಳಿಗೆ ಹೋಗುತ್ತವೆ. ಪೂಜೆ ಹರಕೆಗಳು ಮನೆಯವರಿಗೆ ಧೈರ್ಯ ನೀಡಬಹುದು. ಔಷಧವನ್ನು ನಿಲ್ಲಿಸುವ ಸಲಹೆ ಅಲ್ಲಿ ಸಿಕ್ಕಾಗ ಮಾತ್ರ ಕಾಯಿಲೆ ಮರುಕಳಿಸುತ್ತದೆ. ಸ್ಕಿಜೋಫ್ರೀನಿಯಾದಂತಹ ಕಾಯಿಲೆಗಳಲ್ಲಿ ಲಕ್ಷಣಗಳು ಇಳಿದ ಬಳಿಕವೂ ವೈದ್ಯರು ಹೇಳುವವರೆಗೆ ಮಾತ್ರೆಗಳನ್ನು ಮುಂದುವರಿಸಬೇಕಾಗುತ್ತದೆ.