ಒಂಬತ್ತು ಮತ

2004ರ ವಿಧಾನಸಭಾ ಚುನಾವಣೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದ ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಹೌದು, ಒಂದೇ ಒಂದು ಮತದ ಅಂತರ. ಸೋತವರ ಕಾರಿನ ಡ್ರೈವರ್‌ಗೆ ಅವತ್ತು ವೋಟು ಹಾಕೋಕೆ ಬಿಡುವು ಸಿಕ್ಕಿರಲಿಲ್ಲ ಅನ್ನೋ ಮಾತು ಇವತ್ತಿಗೂ ಓಡಾಡುತ್ತೆ.

ಈ ಕಥೆ ನನಗೆ ಹತ್ತಿರ ಆಗೋಕೆ ಇನ್ನೊಂದು ಕಾರಣ ಇದೆ. ಸಂತೇಮರಹಳ್ಳಿ ಅನ್ನೋ ಕ್ಷೇತ್ರ ಈಗಿಲ್ಲ. 2008ರ ಮರುವಿಂಗಡಣೆಯಲ್ಲಿ ಅದು ಮಾಯವಾಯಿತು. ಅದೇ ಏಟಿಗೆ ನಮ್ಮ ಬೇತಮಂಗಲ ಕ್ಷೇತ್ರವೂ ಹೋಯಿತು. ಪಾಲಾರ್ ದಂಡೆಯ ನಮ್ಮ ಹಳ್ಳಿಗಳು ಕೆಜಿಎಫ್ ಕ್ಷೇತ್ರಕ್ಕೆ ಸೇರಿದವು. ಒಂದು ಕಾಲಕ್ಕೆ ಬೇತಮಂಗಲದ ಕೆರೆ ನೀರು ಪೈಪಿನಲ್ಲಿ ಚಿನ್ನದ ಗಣಿಗೆ ಹೋಗುತ್ತಿತ್ತು. ಈಗ ನಮ್ಮ ವೋಟೂ ಅಲ್ಲಿಗೇ ಹೋಗುತ್ತೆ ಅಂತ ನಮ್ಮಪ್ಪ ನಗ್ತಾರೆ.

ಒಂದು ಮತದ ಗೆಲುವು ಅಪರೂಪ, ಒಪ್ಪೋಣ. ಆದರೆ ಕೂದಲೆಳೆಯ ಗೆಲುವು ಅಷ್ಟೇನೂ ಅಪರೂಪ ಅಲ್ಲ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಮತದಿಂದ. ಅದೇ ವರ್ಷ ನಮ್ಮ ಜಿಲ್ಲೆಯ ಮಾಲೂರಿನಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡ ಅವರ ಅಂತರ 248. ಅದು ಕೋರ್ಟು ಹತ್ತಿ, 2025ರಲ್ಲಿ ಹೈಕೋರ್ಟ್ ಆಯ್ಕೆಯನ್ನೇ ಅಸಿಂಧು ಅಂದು ಮರುಎಣಿಕೆಗೆ ಹೇಳಿತು, ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಎಂಟು ವಿಧಾನಸಭಾ ಕ್ಷೇತ್ರ ಸೇರಿದ ಲೋಕಸಭಾ ಚುನಾವಣೆಯಲ್ಲೂ ಹೀಗಾಗುತ್ತೆ. ಒಂದು ಮತದಿಂದ ಗೆದ್ದಿದ್ದ ಅದೇ ಧ್ರುವನಾರಾಯಣ 2019ರಲ್ಲಿ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ 1,817 ಮತದಿಂದ ಸೋತರು.

ಮಾಲೂರಿನ 248 ಅನ್ನೋ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಿ. ಇನ್ನೂರಕ್ಕೂ ಹೆಚ್ಚು ಮತಗಟ್ಟೆ ಇರೋ ಕ್ಷೇತ್ರ ಅದು. ಅಂದರೆ ಬೂತಿಗೆ ಹೆಚ್ಚು ಕಡಿಮೆ ಒಂದು ಮತ. 125 ಜನ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಬೆಳಗಿನ ಹೊತ್ತು ನಮ್ಮೂರಿಂದ ಹೊರಡೋ ಎರಡು ತುಂಬಿದ ಬಸ್ಸಿನ ಜನ ಅಷ್ಟೆ.

ಇಷ್ಟು ಜನರ ಮನಸ್ಸನ್ನು ಯಾರು ತಿರುಗಿಸ್ತಾರೆ? ಟೀವಿ ಚರ್ಚೆ ಇಡೀ ರಾಜ್ಯಕ್ಕೆ ಒಂದೇ ಮಾತು ಹೇಳುತ್ತೆ, ಅದನ್ನು ಕೇಳಿ ಬದಲಾಗೋರು ಎರಡೂ ಕಡೆ ಇರ್ತಾರೆ. ಆದರೆ ಆ ಊರಿನವನೇ ಒಬ್ಬ, ಆ ಊರಿನ ರಸ್ತೆ, ಆ ಊರಿನ ನೀರಿನ ಟ್ಯಾಂಕು, ಆ ಊರಿನ ಬಿಲ್ಲಿನ ಬಗ್ಗೆ ಬರೆದರೆ ಅದು ಬೇರೆ ಥರ ಓದಿಸಿಕೊಳ್ಳುತ್ತೆ. ಓದಿದವರು ನಾಲ್ಕು ಮನೆಗೆ ಹೇಳ್ತಾರೆ. ಈ ಶಕ್ತಿಗೆ ನಮ್ಮ ನೆಲದಲ್ಲೇ ನೂರು ವರ್ಷ ಮೀರಿದ ಇತಿಹಾಸ ಇದೆ.

1907ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ಅಯೋತ್ತಿದಾಸ ಪಂಡಿತರು ಒಂದು ವಾರಪತ್ರಿಕೆ ಶುರು ಮಾಡಿದರು. ಅವರು ಸಿದ್ಧ ವೈದ್ಯರು. ಅಸ್ಪೃಶ್ಯರೆನಿಸಿಕೊಂಡವರು ಮೂಲತಃ ಬೌದ್ಧರು ಅನ್ನೋ ವಾದ ಕಟ್ಟಿದವರು. ಪತ್ರಿಕೆಯ ಬೆಲೆಯೇ ಅದರ ಹೆಸರು: 'ಒರು ಪೈಸಾ ತಮಿಳನ್'. ಒಂದು ವರ್ಷದ ಮೇಲೆ ಬರೀ 'ತಮಿಳನ್' ಆಯಿತು. ಅದರ ಗಟ್ಟಿ ಓದುಗರು ಇದ್ದದ್ದು ಎಲ್ಲಿ ಅಂದುಕೊಂಡಿರಿ? ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್ಸ್‌ನಲ್ಲಿ. ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಗಣಿಗೆ ಅಷ್ಟೊತ್ತಿಗಾಗಲೇ ರೈಲು ಬಂದಿತ್ತು. ಮದ್ರಾಸಿನಲ್ಲಿ ಅಚ್ಚಾದ ಮಾತು ಗಣಿಯ ಲೈನ್ ಮನೆಗಳಿಗೆ ಬರೋಕೆ ಅಡ್ಡಿಯಿರಲಿಲ್ಲ. 1914ರಲ್ಲಿ ಪಂಡಿತರು ತೀರಿಕೊಂಡರು. 1920ರ ದಶಕದಲ್ಲಿ ಜಿ. ಅಪ್ಪಾದುರೈಯಾರ್ ಅದೇ ಪತ್ರಿಕೆಯನ್ನು ಕೆಜಿಎಫ್‌ನಿಂದಲೇ ಮತ್ತೆ ಹೊರಡಿಸಿದರು.

ಈ ಓದುಗರಲ್ಲಿ ಬಹುಪಾಲು ಜನಕ್ಕೆ ವೋಟೇ ಇರಲಿಲ್ಲ ಅನ್ನೋದನ್ನು ನೆನಪಿಡಿ. ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಮತ ಹಾಕೋಕೆ ಆಸ್ತಿ ಬೇಕಿತ್ತು, ಕಂದಾಯ ಕಟ್ಟಿರಬೇಕಿತ್ತು. ಗಣಿಯೊಳಗೆ ಇಳಿಯೋ ಕೂಲಿಗೆ ಅದೆಲ್ಲಿಂದ ಬರಬೇಕು? ಹಾಗಾದರೆ ಪತ್ರಿಕೆ ಯಾವ ಚುನಾವಣೆ ಗೆಲ್ಲಿಸಿತು? ಯಾವುದೂ ಇಲ್ಲ. ಅದು ಕೈ ಹಾಕಿದ್ದು ಪಟ್ಟಿಗೆ. ಜನಗಣತಿಯವರು ಬಂದಾಗ ನಿಮ್ಮನ್ನು ಹೀಗೆ ಬರೆಸಿಕೊಳ್ಳಿ, ಜಾತಿಯ ಹೆಸರು ಹೇಳಬೇಡಿ, ಬೌದ್ಧರು ಅಂತ ಹೇಳಿ ಅಂತ ಅದು ಹೇಳುತ್ತಿತ್ತು. ಸರ್ಕಾರದ ಪುಸ್ತಕದಲ್ಲಿ ತಾನು ಯಾರು ಅಂತ ತಾನೇ ಬರೆಸೋದು, ಮತ ಇಲ್ಲದವನ ಮತದಾನ ಅದು.

ಪಟ್ಟಿಯ ಮಹಿಮೆ ಗಣಿಯವರಿಗೆ ಚೆನ್ನಾಗಿ ಗೊತ್ತಿತ್ತು. 1930ರಲ್ಲಿ ಕಂಪನಿ ಕೂಲಿಗಳ ಬೆರಳಚ್ಚು ತೆಗೆದು ನೋಂದಣಿ ಮಾಡೋಕೆ ಹೊರಟಾಗ ಸಾವಿರಾರು ಜನ ಸುಮಾರು ಮೂರು ವಾರ ಕೆಲಸಕ್ಕೆ ಇಳಿಯಲಿಲ್ಲ. ಒಂದು ಪಟ್ಟಿಗೆ ಹೆಸರು ಕೊಡೋಕೆ ಹೋರಾಟ, ಇನ್ನೊಂದು ಪಟ್ಟಿಗೆ ಬೆರಳು ಕೊಡದೇ ಇರೋಕೆ ಹೋರಾಟ. 1952ರಲ್ಲಿ ವಯಸ್ಕರಿಗೆಲ್ಲ ಮತ ಬಂದ ಮೇಲೆ ಕೆಜಿಎಫ್ ಕರ್ನಾಟಕದ ಬೇರೆ ಊರುಗಳ ಹಾಗೆ ವೋಟು ಹಾಕಲಿಲ್ಲ. ಇಲ್ಲಿಂದ ಕಮ್ಯುನಿಸ್ಟರು ಗೆದ್ದರು, ರಿಪಬ್ಲಿಕನ್ ಪಕ್ಷದವರು ಗೆದ್ದರು, ಅಣ್ಣಾ ಡಿಎಂಕೆಯವರೂ ಗೆದ್ದರು. ದಶಕಗಟ್ಟಲೆ ಓದಿ, ಓದಿಸಿಕೊಂಡು, ಸಂಘ ಕಟ್ಟಿದ ಜನ ಅವರು. ಬಿತ್ತಿದ್ದು ಬೆಳೆಯೋಕೆ ಅಷ್ಟು ಕಾಲ ಹಿಡಿಯಿತು.

ಇಲ್ಲ, ಬರಹ ಬೇಗನೂ ಕೆಲಸ ಮಾಡುತ್ತೆ ಅನ್ನೋರು ಪಿ. ಲಂಕೇಶ್ ಹೆಸರು ಹೇಳ್ತಾರೆ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಜಾಹೀರಾತು ತಗೊಳ್ಳಲಿಲ್ಲ. ಮುಖ್ಯಮಂತ್ರಿ ಗುಂಡೂರಾಯರನ್ನು 'ಗುಂ' ಅಂತ ಕರೆದು ವಾರವಾರವೂ ಜಾಡಿಸಿತು. 1983ರ ಜನವರಿಯಲ್ಲಿ ಕಾಂಗ್ರೆಸ್ ಈ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳಕೊಂಡಿತು. 224ರಲ್ಲಿ ಜನತಾರಂಗಕ್ಕೆ 95, ಕಾಂಗ್ರೆಸ್ಸಿಗೆ 82. ಪತ್ರಿಕೆಯೇ ಸರ್ಕಾರ ಬೀಳಿಸಿತು ಅನ್ನೋ ಮಾತು ಹುಟ್ಟಿದ್ದು ಆವಾಗಲೇ.

ಅದು ಅರ್ಧ ಸತ್ಯ ಅಂತ ನನಗನ್ನಿಸುತ್ತೆ. ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಗಿತ್ತು. ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದಿದ್ದರು. ಬಂಗಾರಪ್ಪ ಕಾಂಗ್ರೆಸ್ ಬಿಟ್ಟು ಬಂದಿದ್ದರು. ಸೌದೆ ಒಣಗಿತ್ತು, ಪತ್ರಿಕೆ ಕಡ್ಡಿ ಗೀರಿತು. ಇದಕ್ಕೆ ಪುರಾವೆ ಬೇಕಾದರೆ ಮುಂದೆ ನೋಡಿ: ಅದೇ ಲಂಕೇಶ್ ಗೆಳೆಯರ ಜೊತೆ ಪ್ರಗತಿರಂಗ ಅಂತ ಒಂದು ರಾಜಕೀಯ ವೇದಿಕೆ ಕಟ್ಟೋಕೆ ಹೋದಾಗ ಅದು ನಿಲ್ಲಲಿಲ್ಲ. ಓದುಗರು ಪತ್ರಿಕೆ ಕೊಂಡರು, ಆದರೆ ಲೇಖಕನ ಹಿಂದೆ ಸಾಲುಗಟ್ಟಲಿಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ವಿಷಯ ನಾನು ಯಾಕೆ ಓದೋಕೆ ಶುರು ಮಾಡಿದೆ ಅಂತ ಹೇಳದಿದ್ದರೆ ಮೋಸ ಆಗುತ್ತೆ.

2020ರ ಡಿಸೆಂಬರ್. ಕೋವಿಡ್‌ನಿಂದಾಗಿ ಲ್ಯಾಪ್‌ಟಾಪ್ ತಗೊಂಡು ಊರು ಸೇರಿದ್ದೆ. ಗ್ರಾಮ ಪಂಚಾಯಿತಿ ಚುನಾವಣೆ ಬಂತು. ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ, ಪಕ್ಷದ ಚಿಹ್ನೆ ಇಲ್ಲ, ಸಮ ಬಂದರೆ ಚೀಟಿ ಎತ್ತೋದು. ಇದಕ್ಕಿಂತ ಹತ್ತಿರದ ಚುನಾವಣೆ ನಮ್ಮ ದೇಶದಲ್ಲಿಲ್ಲ. ಸಂಜೆ ಹೊತ್ತು ಉದ್ಯೋಗ ಖಾತ್ರಿಯ ಲೆಕ್ಕಗಳನ್ನು ಇಂಟರ್‌ನೆಟ್ಟಿನಲ್ಲಿ ನೋಡ್ತಾ ಕೂತಿದ್ದವನಿಗೆ ನಮ್ಮ ಬೀದಿಯ ಚರಂಡಿ ಕಾಮಗಾರಿ ಎರಡು ಸಲ ಕಾಣಿಸಿತು. ಒಂದೇ ಹೆಸರು, ಎರಡು ಬಿಲ್ಲು. ರಕ್ತ ಬಿಸಿಯಾಯಿತು. ಮತ್ತೆ ನಿಂತಿದ್ದ ಹಳೇ ಸದಸ್ಯೆಯ ಅವಧಿಯ ಕೆಲಸ ಅದು. ಆಯಮ್ಮ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕೋ ಹೆಂಗಸು, ನಾನು ಅಕ್ಕ ಅಂತಲೇ ಕರೆಯೋದು. ಅವರ ಹೆಸರು ಹಾಕಲಿಲ್ಲ, ಆದರೆ ಹಾಕುವ ಅಗತ್ಯವೂ ಇರಲಿಲ್ಲ. 'ಒಂದೇ ಚರಂಡಿಗೆ ಎರಡು ಬಿಲ್ಲು ಯಾಕೆ?' ಅಂತ ಅರ್ಧ ಪುಟ ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ರಾತ್ರಿ ಹೊತ್ತಿಗೆ ಪಕ್ಕದ ಊರಿಂದ ಅದು ನನಗೇ ವಾಪಸ್ ಬಂತು, 'ಬೆಂಗಳೂರಿನ ಇಂಜಿನಿಯರ್ ಬಯಲು ಮಾಡಿದ ಸತ್ಯ' ಅನ್ನೋ ತಲೆಬರಹದ ಜೊತೆ.

ಅಕ್ಕ ಒಂಬತ್ತು ಮತದಿಂದ ಸೋತರು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಆ ಲೆಕ್ಕ ತೆಗೆದು ನೋಡಿದೆ. ಕಾಮಗಾರಿಯ ಹೆಸರು ಒಂದೇ, ಆದರೆ ಕಾಮಗಾರಿ ಸಂಖ್ಯೆ ಬೇರೆ ಬೇರೆ. ಒಂದು ಮಾರಮ್ಮನ ಗುಡಿಯಿಂದ ಶಾಲೆವರೆಗೆ, ಇನ್ನೊಂದು ಶಾಲೆಯಿಂದ ಆಚೆಗೆ. ಎರಡೂ ಚರಂಡಿ ಇದ್ದಾವೆ. ದಿನಾ ಅದರ ಮೇಲೆ ಕಾಲಿಟ್ಟುಕೊಂಡೇ ಓಡಾಡಿದ್ದೆ. ಆಫೀಸಿನಲ್ಲಿ ಎರಡು ಸಾಲು ಒಂದೇ ಥರ ಕಂಡರೆ ಮೊದಲು ಐಡಿ ನೋಡು ಅಂತ ಹೊಸ ಹುಡುಗರಿಗೆ ಪಾಠ ಹೇಳೋನು ನಾನು.

ಅವರ ಮನೆಗೆ ಹೋದೆ. ಕೊಟ್ಟಿಗೆಯಲ್ಲಿದ್ದರು. ತಪ್ಪಾಯಿತು ಅಂದೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಬರಿಯೋಕ್ ಮುಂಚೆ ಒಂದ್ ಕಿತ ಬಂದು ಕೇಳಿದ್ರೆ ಆಗ್ತಿತ್ತಲ್ಲಪ್ಪಾ. ನಿಮ್ಮನೆಯಿಂದ ನಮ್ಮನೆಗೆ ಎಷ್ಟು ದೂರ?"

ನೂರು ಹೆಜ್ಜೆಯೂ ಇಲ್ಲ.

ಆ ಒಂಬತ್ತು ಮತಕ್ಕೆ ನಾನೇ ಕಾರಣ ಅಂತ ಹೇಳೋಕಾಗಲ್ಲ. ಜಾತಿ ಇತ್ತು, ದುಡ್ಡು ಓಡಾಡಿತ್ತು, ಎದುರಾಳಿಯ ನೆಂಟರು ಜಾಸ್ತಿ ಇದ್ದರು. ಆದರೆ ಐದು ಜನ ಮನಸ್ಸು ಬದಲಾಯಿಸಿದ್ದರೆ ಸಾಕಿತ್ತು ಅನ್ನೋ ಲೆಕ್ಕ ನನ್ನ ತಲೆಯಿಂದ ಹೋಗಲ್ಲ. ತಿದ್ದುಪಡಿ ಬರೆದು ಅದೇ ಗುಂಪಿಗೆ ಹಾಕಿದೆ. ಅದು ಪಕ್ಕದ ಊರಿಂದ ವಾಪಸ್ ಬರಲಿಲ್ಲ.

ಚುನಾವಣೆಯ ಕರಪತ್ರದಲ್ಲಿ ಅಚ್ಚು ಹಾಕಿದವರ, ಪ್ರಕಟಿಸಿದವರ ಹೆಸರು ವಿಳಾಸ ಇರಲೇಬೇಕು ಅಂತ ಪ್ರಜಾಪ್ರತಿನಿಧಿ ಕಾಯಿದೆಯ 127ಎ ಸೆಕ್ಷನ್ ಹೇಳುತ್ತೆ. ಮೊದಲು ಇದನ್ನು ಓದಿದಾಗ ಹಳೇ ಕಾಲದ ಕಾಟ ಅನ್ನಿಸಿತ್ತು. ಈಗ ಹಾಗನ್ನಿಸಲ್ಲ. ಯಾರ ಮನೆ ಬಾಗಿಲಿಗೆ ಹೋಗಿ ಕೇಳಬೇಕು ಅಂತ ಅದು ಓದೋನಿಗೆ ತಿಳಿಸುತ್ತೆ. 'ತಮಿಳನ್' ನಡೆಸಿದವರಿಗೂ ಲಂಕೇಶರಿಗೂ ಹೆಸರಿತ್ತು, ವಿಳಾಸ ಇತ್ತು, ಜಗಳಕ್ಕೆ ಬಂದವರಿಗೆ ಅವರು ಸಿಗ್ತಿದ್ದರು.

ನಿಮ್ಮಲ್ಲಿ ತುಂಬ ಜನ ನನ್ನ ಹಾಗೇ ಊರು ಬಿಟ್ಟು ಬಂದವರು. ವೋಟು ಊರಲ್ಲಿ, ಬದುಕು ವೈಟ್‌ಫೀಲ್ಡಿನಲ್ಲಿ. ಊರಿನ ಚುನಾವಣೆಗೆ ಏನಾದರೂ ಮಾಡಬೇಕು ಅಂತ ಕೈ ತುರಿಸುತ್ತೆ, ಗೊತ್ತು. ಮಾಡಿ. ಆದರೆ ಹಳೇ ಗಣಿಯವರ ಹಾಗೆ ಪಟ್ಟಿಯಿಂದ ಶುರು ಮಾಡಿ. ಮತದಾರರ ಕರಡು ಪಟ್ಟಿ ಬಂದಾಗ ನಿಮ್ಮ ಬೀದಿಯ ಹೆಸರುಗಳನ್ನು ಓದಿ. ಬಿಟ್ಟುಹೋದ ಸೊಸೆಗೆ, ಹದಿನೆಂಟು ತುಂಬಿದ ಹುಡುಗನಿಗೆ ಫಾರ್ಮ್ 6 ತುಂಬಿಸಿ. ಚುನಾವಣೆ ಆದ ಮೇಲೆ ಫಾರ್ಮ್ 20ರಲ್ಲಿ ಬೂತುವಾರು ಲೆಕ್ಕ ಸಿಗುತ್ತೆ, ಅದನ್ನು ಊರಿಗೆ ಅರ್ಥ ಆಗೋ ಕನ್ನಡದಲ್ಲಿ ಬರೆಯಿರಿ. ಕೂದಲೆಳೆಯ ಚುನಾವಣೆಯಲ್ಲಿ ಒಬ್ಬರನ್ನು ಬೈದು ಬರೆಯೋದಕ್ಕಿಂತ ಪಟ್ಟಿಗೆ ಹತ್ತು ಹೆಸರು ಸೇರಿಸೋದು ದೊಡ್ಡ ಕೆಲಸ. ಬೈದು ಬರೆಯಲೇಬೇಕಾದರೆ ಕೆಳಗೆ ನಿಮ್ಮ ಹೆಸರು ಹಾಕಿ.

ನಾನು ಈಗಲೂ ಬರೀತೀನಿ. ಬರೆದದ್ದನ್ನು ಕಳಿಸೋ ಮುಂಚೆ ಅದರಲ್ಲಿರೋ ಮನುಷ್ಯನಿಗೆ ಒಂದು ಫೋನ್ ಮಾಡ್ತೀನಿ. ಊರಲ್ಲಿದ್ದರೆ ನಡಕೊಂಡೇ ಹೋಗ್ತೀನಿ. ಹೋದ ಸಲ ಅಕ್ಕನ ಮನೆಗೂ ಹೋಗಿದ್ದೆ. ಮುಂದಿನ ಚುನಾವಣೆಗೆ ನಿಲ್ತೀರಾ ಅಂತ ಕೇಳಿದೆ. ಹಾಲಿನ ಕ್ಯಾನು ಎತ್ತಿಕೊಂಡು, ನೀನು ಏನು ಬರೀತೀಯೋ ನೋಡ್ಕೊಂಡು ಹೇಳ್ತೀನಿ ಅಂದರು. ತಮಾಷೆಗೆ ಅಂದರೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.