ಚೀಸ್ ತುಂಬಿದ ಬರ್ಗರ್

ಚೀಸ್ ತುಂಬಿದ ಬರ್ಗರ್ ಎಂಬುದು ಕೊಚ್ಚಿದ ಮಾಂಸದ ಬಿಲ್ಲೆಯ (ಪ್ಯಾಟಿ) ಒಳಗೆ ಚೀಸನ್ನು ಹೂರಣದಂತೆ ಇಟ್ಟು, ಅಂಚನ್ನು ಮುಚ್ಚಿ ಬೇಯಿಸಿ, ಬನ್ನಿನ ನಡುವೆ ಇರಿಸಿ ತಿನ್ನುವ ಖಾದ್ಯ. ಸಾಮಾನ್ಯ ಚೀಸ್‌ಬರ್ಗರಿನಲ್ಲಿ ಚೀಸಿನ ಹಾಳೆಯನ್ನು ಬೆಂದ ಮಾಂಸದ ಮೇಲೆ ಹೊದಿಸಲಾಗುತ್ತದೆ. ಇದರಲ್ಲಿ ಚೀಸ್ ಮಾಂಸದ ಒಳಗೇ ಕರಗಿ, ಕಚ್ಚಿದಾಗ ಹೊರಗೆ ಹರಿಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ ರಾಜ್ಯದ ಮಿನ್ನಿಯಾಪೊಲಿಸ್ ನಗರದಲ್ಲಿ ಇದು ‘ಜೂಸಿ ಲೂಸಿ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಮೊಝರೆಲ್ಲಾ ಚೀಸ್, ಟೊಮೇಟೊ, ಕಾಮಕಸ್ತೂರಿ (ಬೇಸಿಲ್), ಓರೆಗಾನೊ ಮತ್ತು ಬೆಳ್ಳುಳ್ಳಿಯನ್ನು ಬಳಸಿ ಇಟಲಿಯ ರುಚಿಗೆ ಹೊಂದಿಸಿದ ರೂಪವೂ ಮನೆ ಅಡುಗೆಯಲ್ಲಿ ಬಳಕೆಯಲ್ಲಿದೆ. ಹೂರಣವು ಮಾಂಸಕ್ಕಿಂತ ಮೊದಲೇ ಕರಗುವುದರಿಂದ, ಚೀಸ್ ಕರಗಿದ್ದನ್ನು ಮಾಂಸ ಬೆಂದ ಗುರುತೆಂದು ತಿಳಿಯುವಂತಿಲ್ಲ. ಈ ಖಾದ್ಯದ ತಯಾರಿಕೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶ ಇದೇ ಆಗಿದೆ.

ಇತಿಹಾಸ

‘ಹ್ಯಾಂಬರ್ಗರ್’ ಎಂಬ ಹೆಸರು ಜರ್ಮನಿಯ ಹ್ಯಾಂಬರ್ಗ್ ನಗರದಿಂದ ಬಂದಿದೆ. ಆದರೆ ಬನ್ನಿನ ನಡುವೆ ಮಾಂಸದ ಬಿಲ್ಲೆಯನ್ನಿಟ್ಟು ತಿನ್ನುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ.

ಚೀಸನ್ನು ಒಳಗೆ ತುಂಬುವ ಪದ್ಧತಿ ಮೊದಲು ತಮ್ಮಲ್ಲೇ ಹುಟ್ಟಿತೆಂದು ಮಿನ್ನಿಯಾಪೊಲಿಸ್‌ನ ಎರಡು ಉಪಾಹಾರ ಗೃಹಗಳು ಹೇಳಿಕೊಳ್ಳುತ್ತವೆ: 1954ರಲ್ಲಿ ಆರಂಭವಾದ ಮ್ಯಾಟ್ಸ್ ಬಾರ್ ಮತ್ತು ಮದ್ಯಪಾನ ನಿಷೇಧದ ಕಾಲದಲ್ಲಿ, 1928ರಲ್ಲಿ, ಆರಂಭವಾದ 5-8 ಕ್ಲಬ್. ಎರಡೂ ಸೀಡರ್ ಅವೆನ್ಯೂ ಎಂಬ ಒಂದೇ ರಸ್ತೆಯಲ್ಲಿವೆ. ಎರಡು ಬಿಲ್ಲೆಗಳ ನಡುವೆ ಚೀಸ್ ಇಟ್ಟು ಬೇಯಿಸಿಕೊಡುವಂತೆ ಗಿರಾಕಿಯೊಬ್ಬ ಕೇಳಿದನೆಂದೂ, ಅದನ್ನು ಕಚ್ಚಿದಾಗ ಅವನ ಬಾಯಿಂದ ಬಂದ ಉದ್ಗಾರವೇ ಖಾದ್ಯದ ಹೆಸರಾಯಿತೆಂದೂ ಮ್ಯಾಟ್ಸ್ ಬಾರ್‌ನ ಕಥೆ ಹೇಳುತ್ತದೆ. ಅಲ್ಲಿ ‘ಜೂಸಿ’ ಎಂಬ ಇಂಗ್ಲಿಷ್ ಪದವನ್ನು ‘ಐ’ ಅಕ್ಷರ ಬಿಟ್ಟು ಬರೆಯುತ್ತಾರೆ; 5-8 ಕ್ಲಬ್‌ನಲ್ಲಿ ನಿಘಂಟಿನಲ್ಲಿರುವಂತೆಯೇ ಬರೆಯುತ್ತಾರೆ. 2014ರ ಜೂನ್‌ನಲ್ಲಿ ಅಂದಿನ ಅಧ್ಯಕ್ಷ ಬರಾಕ್ ಒಬಾಮ ಮ್ಯಾಟ್ಸ್ ಬಾರ್‌ಗೆ ಭೇಟಿಯಿತ್ತು ಇದನ್ನು ಸವಿದರು.

ಇಟಲಿಯ ನಂಟು

ಬರ್ಗರ್ ಇಟಲಿಯ ಸಾಂಪ್ರದಾಯಿಕ ಖಾದ್ಯವಲ್ಲ. ಆದರೆ ಕರಗುವ ಚೀಸನ್ನು ಒಳಗೆ ಅಡಗಿಸುವ ಕ್ರಮ ಆ ದೇಶದ ಅಡುಗೆಗೆ ಹೊಸದಲ್ಲ. ರೋಮಿನ ‘ಸುಪ್ಲಿ’ ಎಂಬ ಕರಿದ ಅನ್ನದ ಉಂಡೆಯ ನಡುವೆ ಮೊಝರೆಲ್ಲಾ ಇರುತ್ತದೆ. ದಕ್ಷಿಣ ಇಟಲಿಯ ‘ಮೊಝರೆಲ್ಲಾ ಇನ್ ಕರೋಝಾ’ದಲ್ಲಿ ಎರಡು ಬ್ರೆಡ್ ತುಂಡುಗಳ ನಡುವೆ ಚೀಸ್ ಇಟ್ಟು, ಮೊಟ್ಟೆಯಲ್ಲಿ ಅದ್ದಿ ಕರಿಯುತ್ತಾರೆ. ಕೊಚ್ಚಿದ ಮಾಂಸದ ಉಂಡೆಗಳಿಗೆ ಅಲ್ಲಿ ‘ಪೊಲ್ಪೆತ್ತೆ’ ಎಂದು ಹೆಸರು.

1880ರಿಂದ 1920ರವರೆಗಿನ ಅವಧಿಯಲ್ಲಿ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ವಲಸೆ ಹೋದರು. ಅವರಲ್ಲಿ ಹೆಚ್ಚಿನವರು ದಕ್ಷಿಣ ಇಟಲಿಯವರು. ಟೊಮೇಟೊ ಸಾರ, ಒಣ ಓರೆಗಾನೊ, ಬೆಳ್ಳುಳ್ಳಿ ಮತ್ತು ಮೊಝರೆಲ್ಲಾ ಸೇರಿದ ರುಚಿಯನ್ನು ಅಮೆರಿಕದಲ್ಲಿ ‘ಇಟಾಲಿಯನ್’ ಎಂದು ಕರೆಯುವುದು ಈ ವಲಸಿಗರ ಅಡುಗೆಯಿಂದಾಗಿ ರೂಢಿಯಾಯಿತು. ಇಟಾಲಿಯನ್ ಶೈಲಿಯ ಬರ್ಗರ್ ಎಂಬ ಹೆಸರಿನಲ್ಲೂ ಈ ಇಟಾಲಿಯನ್-ಅಮೆರಿಕನ್ ರುಚಿಯೇ ಮುಖ್ಯವಾಗಿದೆ.

ಚೀಸಿನ ಆಯ್ಕೆ

ಹೂರಣದ ಚೀಸ್ ಕರಗಬೇಕು, ಆದರೆ ನೀರು ಬಿಡಬಾರದು. ಮಿನ್ನಿಯಾಪೊಲಿಸ್‌ನ ಮೂಲ ರೂಪದಲ್ಲಿ ಬಳಸುವುದು ಅಮೆರಿಕನ್ ಸಂಸ್ಕರಿತ ಚೀಸನ್ನು. ಅದರಲ್ಲಿನ ಲವಣಗಳು ಕೊಬ್ಬು ಮತ್ತು ನೀರು ಬೇರ್ಪಡದಂತೆ ತಡೆಯುವುದರಿಂದ ಅದು ನಯವಾದ ದ್ರವವಾಗುತ್ತದೆ.

ಇಟಾಲಿಯನ್ ಶೈಲಿಗೆ ಮೊಝರೆಲ್ಲಾ ಸೂಕ್ತ. ಇದರಲ್ಲಿ ಎರಡು ಬಗೆ. ನೀರಿನಲ್ಲಿ ಮುಳುಗಿಸಿ ಮಾರುವ ತಾಜಾ ಮೊಝರೆಲ್ಲಾದಲ್ಲಿ ತೇವಾಂಶ ಹೆಚ್ಚು. ಪಿಜ್ಜಾಕ್ಕೆ ಬಳಸುವ ಗಟ್ಟಿ ಮೊಝರೆಲ್ಲಾದಲ್ಲಿ ಅಮೆರಿಕದ ಮಾನದಂಡದ ಪ್ರಕಾರ ತೇವಾಂಶ ಶೇ. 45ಕ್ಕಿಂತ ಹೆಚ್ಚಿದ್ದು ಶೇ. 52ನ್ನು ಮೀರಬಾರದು. ತಾಜಾ ಚೀಸಿನ ನೀರು ಬಿಲ್ಲೆಯೊಳಗೆ ಹಬೆಯಾಗಿ ಅಂಚನ್ನು ಒಡೆಯುವ ಸಾಧ್ಯತೆ ಇರುವುದರಿಂದ ಗಟ್ಟಿ ಬಗೆಯೇ ಲೇಸು. ತಾಜಾ ಚೀಸನ್ನೇ ಬಳಸುವುದಾದರೆ ಅದನ್ನು ಹೋಳು ಮಾಡಿ, ಬಟ್ಟೆಯ ಮೇಲೆ ಹರಡಿ, ನೀರನ್ನು ಹೀರಿಸಿಕೊಳ್ಳಬೇಕು.

ಪಾರ್ಮೆಸಾನ್‌ನಂತಹ ಹಳೆಯ ಗಟ್ಟಿ ಚೀಸ್ ಹೂರಣಕ್ಕೆ ಹೊಂದುವುದಿಲ್ಲ. ತುರಿದು ಮಾಂಸದಲ್ಲಿ ಬೆರೆಸಿದರೆ ರುಚಿ ಕೊಡುತ್ತದೆ. ಹಾಲಿಗೆ ಹುಳಿ ಹಿಂಡಿ ಒಡೆಸಿ ಮಾಡುವ ಪನೀರ್ ಬಿಸಿಗೆ ಮೆತ್ತಗಾದರೂ ಕರಗಿ ಹರಿಯುವುದಿಲ್ಲ. ಆದ್ದರಿಂದ ಅದು ಇಲ್ಲಿ ಮೊಝರೆಲ್ಲಾದ ಬದಲಿ ಆಗಲಾರದು.

ಬೇಕಾಗುವ ಪದಾರ್ಥಗಳು (4 ಬರ್ಗರುಗಳಿಗೆ)

- ಕೊಚ್ಚಿದ ಮಾಂಸ (ಖೀಮಾ): 700 ಗ್ರಾಂ
- ಗಟ್ಟಿ ಮೊಝರೆಲ್ಲಾ: 100ರಿಂದ 120 ಗ್ರಾಂ
- ತುರಿದ ಪಾರ್ಮೆಸಾನ್: 30 ಗ್ರಾಂ
- ಬೆಳ್ಳುಳ್ಳಿ: 2 ಎಸಳು, ಜಜ್ಜಿದ್ದು
- ಒಣ ಓರೆಗಾನೊ: 1 ಟೀ ಚಮಚ
- ಪುಡಿ ಮಾಡಿದ ಕರಿಮೆಣಸು: ಅರ್ಧ ಟೀ ಚಮಚ
- ಕಾಮಕಸ್ತೂರಿ ಎಲೆ: 12ರಿಂದ 16
- ದಪ್ಪಗೆ ಕುದಿಸಿದ ಟೊಮೇಟೊ ಸಾರ: 8 ದೊಡ್ಡ ಚಮಚ
- ಬನ್: 4
- ಉಪ್ಪು ಮತ್ತು ಸ್ವಲ್ಪ ಎಣ್ಣೆ

ಅಮೆರಿಕದಲ್ಲಿ ಶೇ. 20ರಷ್ಟು ಕೊಬ್ಬಿರುವ ದನದ ಮಾಂಸವನ್ನು ಬಳಸುವುದು ರೂಢಿ. ಕುರಿ ಅಥವಾ ಕೋಳಿಯ ಮಾಂಸದಿಂದಲೂ ಇದನ್ನು ಮಾಡಬಹುದು. ಕೋಳಿಯ ಎದೆಯ ಭಾಗಕ್ಕಿಂತ ತೊಡೆಯ ಮಾಂಸದಲ್ಲಿ ಕೊಬ್ಬು ಹೆಚ್ಚಿರುವುದರಿಂದ ಬಿಲ್ಲೆ ಒಣಗುವುದಿಲ್ಲ.

ತಯಾರಿಸುವ ವಿಧಾನ

1. ತಣ್ಣಗಿರುವ ಮಾಂಸಕ್ಕೆ ಬೆಳ್ಳುಳ್ಳಿ, ಓರೆಗಾನೊ, ಕರಿಮೆಣಸು ಮತ್ತು ಪಾರ್ಮೆಸಾನ್ ಸೇರಿಸಿ ಹಗುರವಾಗಿ ಕಲಸಬೇಕು. ಹಿಟ್ಟಿನಂತೆ ನಾದಿದರೆ ಮಾಂಸ ಗಟ್ಟಿಯಾಗುತ್ತದೆ. ಈ ಹಂತದಲ್ಲಿ ಉಪ್ಪು ಹಾಕುವುದಿಲ್ಲ. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಬಿಲ್ಲೆಯನ್ನು ಸಾಸೇಜಿನಂತೆ ಬಿಗಿಯಾಗಿಸುತ್ತದೆ.

2. ಮಾಂಸವನ್ನು 8 ಸಮಭಾಗ ಮಾಡಿ, ಪ್ರತಿಯೊಂದನ್ನೂ ಸುಮಾರು 11 ಸೆಂ.ಮೀ. ಅಗಲದ ತೆಳು ಬಿಲ್ಲೆಯಾಗಿ ತಟ್ಟಬೇಕು.

3. 4 ಬಿಲ್ಲೆಗಳ ನಡುವೆ ತಲಾ 25ರಿಂದ 30 ಗ್ರಾಂ ಮೊಝರೆಲ್ಲಾ ಮತ್ತು ಒಂದೆರಡು ಕಾಮಕಸ್ತೂರಿ ಎಲೆಗಳನ್ನು ಇಡಬೇಕು. ಸುತ್ತಲೂ 2 ಸೆಂ.ಮೀ. ಅಂಚು ಬರಿದಾಗಿರಬೇಕು.

4. ಉಳಿದ ಬಿಲ್ಲೆಗಳನ್ನು ಮೇಲೆ ಮುಚ್ಚಿ, ಒಳಗೆ ಗಾಳಿ ನಿಲ್ಲದಂತೆ ಅದುಮಿ, ಕರಿಗಡುಬಿನ ಅಂಚನ್ನು ಒತ್ತುವಂತೆ ಸುತ್ತಲೂ ಬಿಗಿಯಾಗಿ ಒತ್ತಬೇಕು. ಬಿರುಕುಗಳಿದ್ದರೆ ಒದ್ದೆ ಬೆರಳಿನಿಂದ ಸವರಿ ಮುಚ್ಚಬೇಕು.

5. ಬಿಲ್ಲೆಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಬೇಕು. ಕೊಬ್ಬು ಗಟ್ಟಿಯಾಗಿ ಅಂಚು ಭದ್ರವಾಗುತ್ತದೆ.

6. ಬೇಯಿಸುವ ಮುನ್ನ ಎರಡೂ ಬದಿಗೆ ಉಪ್ಪು ಉದುರಿಸಿ, ಎಣ್ಣೆ ಸವರಿದ ದಪ್ಪ ತಳದ ಕಾವಲಿಯ ಮೇಲೆ ಮಧ್ಯಮ ಉರಿಯಲ್ಲಿ ಒಂದೊಂದು ಬದಿಯನ್ನು 5ರಿಂದ 6 ನಿಮಿಷ ಬೇಯಿಸಬೇಕು. ಮಗುಚುವ ಕೈಯಿಂದ ಬಿಲ್ಲೆಯನ್ನು ಒತ್ತಬಾರದು. ಬಿಲ್ಲೆ ಉಬ್ಬತೊಡಗಿದರೆ ಮೇಲ್ಭಾಗದಲ್ಲಿ ಸಣ್ಣ ರಂಧ್ರ ಮಾಡಿ ಹಬೆಯನ್ನು ಹೊರಬಿಡಬೇಕು.

7. ಬೆಂದುದನ್ನು ಮುಂದೆ ಹೇಳಿರುವಂತೆ ಪರೀಕ್ಷಿಸಿ, ಕಾವಲಿಯಿಂದ ಇಳಿಸಿ 3ರಿಂದ 5 ನಿಮಿಷ ಬಿಡಬೇಕು. ಅಷ್ಟರಲ್ಲಿ ಬನ್ನಿನ ಒಳಬದಿಯನ್ನು ಅದೇ ಕಾವಲಿಯಲ್ಲಿ ಬಿಸಿಮಾಡಿ, ಟೊಮೇಟೊ ಸಾರ ಸವರಿ, ಉಳಿದ ಕಾಮಕಸ್ತೂರಿ ಎಲೆಗಳೊಂದಿಗೆ ಬಿಲ್ಲೆಯನ್ನು ಇಡಬೇಕು.

ಉರಿ ಹೆಚ್ಚಾದರೆ ಹೊರಭಾಗ ಸೀದು ಒಳಭಾಗ ಹಸಿಯಾಗಿ ಉಳಿಯುತ್ತದೆ. ಈ ಬಿಲ್ಲೆ ಸಾಮಾನ್ಯ ಬಿಲ್ಲೆಗಿಂತ ದಪ್ಪವಾಗಿರುವುದರಿಂದ ನಿಧಾನವಾಗಿ ಬೇಯಿಸುವುದು ಅವಶ್ಯಕ.

ಸುರಕ್ಷತೆ

ಇಡೀ ಮಾಂಸದ ತುಂಡಿನಲ್ಲಿ ರೋಗಾಣುಗಳು ಸಾಮಾನ್ಯವಾಗಿ ಹೊರಮೈಯಲ್ಲಿರುತ್ತವೆ. ಹೊರಮೈ ಬೆಂದಾಗ ಸಾಯುತ್ತವೆ. ಕೊಚ್ಚಿದಾಗ ಅವು ಮಾಂಸದ ಒಳಗೆಲ್ಲ ಹರಡುತ್ತವೆ. ಆದ್ದರಿಂದ ಕೊಚ್ಚಿದ ಮಾಂಸ ಒಳಗಿನವರೆಗೂ ಬೇಯಬೇಕು. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ, ಸರಿಯಾಗಿ ಬೇಯದ ಹ್ಯಾಂಬರ್ಗರುಗಳ ಮೂಲಕ ಇ. ಕೋಲೈ ಒ157:ಎಚ್7 ಎಂಬ ಬ್ಯಾಕ್ಟೀರಿಯಾ ಹರಡಿ 700ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು; 4 ಮಕ್ಕಳು ಮೃತಪಟ್ಟರು.

ಅಮೆರಿಕದ ಕೃಷಿ ಇಲಾಖೆಯ ಸೂಚನೆಯಂತೆ ದನ, ಕುರಿ ಮತ್ತು ಹಂದಿಯ ಕೊಚ್ಚಿದ ಮಾಂಸ ಒಳಗೆ 71° ಸೆಲ್ಸಿಯಸ್, ಕೋಳಿಯ ಮಾಂಸ 74° ಸೆಲ್ಸಿಯಸ್ ಉಷ್ಣಾಂಶವನ್ನು ಮುಟ್ಟಬೇಕು. ಮೊಝರೆಲ್ಲಾ ಇದಕ್ಕಿಂತ ಕಡಿಮೆ ಉಷ್ಣಾಂಶದಲ್ಲೇ ಕರಗಿ ಹರಿಯುತ್ತದೆ. ಹೀಗಾಗಿ ಅಂಚಿನಿಂದ ಚೀಸ್ ಜಿನುಗಿದರೂ ಚೀಸಿಗೆ ತಾಗಿರುವ ಮಾಂಸ ಬೇಯದೇ ಇರಬಹುದು. ಮಾಂಸದ ಬಣ್ಣವನ್ನೂ ನಂಬುವಂತಿಲ್ಲ. ಕೊಚ್ಚಿದ ಮಾಂಸ ಸುರಕ್ಷಿತ ಉಷ್ಣಾಂಶ ಮುಟ್ಟುವ ಮೊದಲೇ ಕಂದು ಬಣ್ಣಕ್ಕೆ ತಿರುಗುವುದುಂಟು. ಅಡುಗೆ ಉಷ್ಣಮಾಪಕದ ಮೊನೆಯನ್ನು ಬದಿಯಿಂದ ತೂರಿಸಿ, ಚೀಸಿನ ಮೇಲಿನ ಮತ್ತು ಕೆಳಗಿನ ಮಾಂಸದ ಪದರಗಳೆರಡನ್ನೂ ಅಳೆಯುವುದು ಸರಿಯಾದ ಕ್ರಮ. ಮೊನೆ ಚೀಸಿನಲ್ಲಿ ನಿಂತರೆ ತೋರುವುದು ಚೀಸಿನ ಉಷ್ಣಾಂಶವನ್ನೇ ಹೊರತು ಮಾಂಸದ್ದನ್ನಲ್ಲ.

ಕೊಚ್ಚಿದ ಹಸಿ ಮಾಂಸವನ್ನು ಫ್ರಿಜ್ಜಿನ ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದು. ಹವೆ 32° ಸೆಲ್ಸಿಯಸ್ ಮೀರಿದ್ದರೆ ಈ ಮಿತಿ 1 ಗಂಟೆ. ಒಳಗಿನ ಚೀಸ್ ಬಹಳ ಹೊತ್ತು ಬಿಸಿಯಾಗಿಯೇ ಉಳಿದು ಬಾಯಿ ಸುಡುವುದರಿಂದ ಬಡಿಸಿದ ಕೂಡಲೇ ಕಚ್ಚಬಾರದು. ಮಕ್ಕಳಿಗೆ ಕೊಡುವಾಗ ಮೊದಲು ಎರಡು ಹೋಳು ಮಾಡಿ ಆರಿಸುವುದು ಒಳ್ಳೆಯದು.

ಇತರ ರೂಪಗಳು

ಮಿನ್ನೆಸೋಟದ ಸೇಂಟ್ ಪಾಲ್ ನಗರದ ಬ್ಲೂ ಡೋರ್ ಪಬ್‌ನ ‘ಬ್ಲೂಸಿ’ಯಲ್ಲಿ ನೀಲಿ ಚೀಸ್ ಮತ್ತು ಬೆಳ್ಳುಳ್ಳಿಯ ಹೂರಣವಿರುತ್ತದೆ. ಇಟಾಲಿಯನ್-ಅಮೆರಿಕನ್ ಸಾಸೇಜಿನ ರುಚಿ ಬೇಕೆನ್ನುವವರು ಮಾಂಸಕ್ಕೆ ಜಜ್ಜಿದ ಸೋಂಪು ಕಾಳನ್ನು ಸೇರಿಸುತ್ತಾರೆ. ಬನ್ನಿನ ಬದಲು ಚಬಾತ್ತಾ ಅಥವಾ ಫೊಕಾಚಾ ಎಂಬ ಇಟಲಿಯ ಬ್ರೆಡ್ಡುಗಳನ್ನೂ ಬಳಸಬಹುದು.

ಸಸ್ಯಾಹಾರಿ ರೂಪದಲ್ಲಿ ಬೇಯಿಸಿ ಆರಿಸಿದ ಆಲೂಗಡ್ಡೆಯನ್ನು ಬ್ರೆಡ್ ಪುಡಿಯೊಂದಿಗೆ ಕಲಸಿ, ನಡುವೆ ಮೊಝರೆಲ್ಲಾ ಇಟ್ಟು, ಹೊರಗೆ ಬ್ರೆಡ್ ಪುಡಿ ಮೆತ್ತಿ ಹುರಿಯುತ್ತಾರೆ. ಆದರೆ ಎಲ್ಲ ಚೀಸುಗಳೂ ಸಸ್ಯಾಹಾರವಲ್ಲ. ಇಟಲಿಯ ‘ಪಾರ್ಮಿಜಾನೋ ರೆಜಾನೋ’ ತಯಾರಿಕೆಯಲ್ಲಿ ಹಾಲನ್ನು ಗಟ್ಟಿಗೊಳಿಸಲು ಕರುವಿನ ಹೊಟ್ಟೆಯಿಂದ ಪಡೆದ ರೆನೆಟ್ ಎಂಬ ಕಿಣ್ವವನ್ನೇ ಬಳಸಬೇಕೆಂಬ ನಿಯಮವಿದೆ. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿದ ಚೀಸುಗಳೂ ದೊರೆಯುತ್ತವೆ. ಭಾರತದಲ್ಲಿ ಮಾರುವ ಪೊಟ್ಟಣಗಳ ಮೇಲಿನ ಹಸಿರು ಗುರುತಿನಿಂದ ಸಸ್ಯಾಹಾರಿ ಚೀಸನ್ನು ಗುರುತಿಸಬಹುದು.

ಇವನ್ನೂ ನೋಡಿ

- ಹ್ಯಾಂಬರ್ಗರ್
- ಮೊಝರೆಲ್ಲಾ
- ಪನೀರ್
- ಇಟಲಿಯ ಅಡುಗೆ