ತಪ್ಪು, ಸೋಲು, ಫೇಲು: ಒಂದು ಎರವಲು ಕ್ರಿಯಾಪದದ ಚರಿತ್ರೆ

ಅರಸೀಕೆರೆಯ ತೆಂಗಿನ ಸೀಮೆಯಲ್ಲಿ ಕೊಳವೆಬಾವಿಗೆ ನೀರು ಬೀಳದಿದ್ದರೆ ‘ಬೋರು ಫೇಲಾಯಿತು’ ಎನ್ನುತ್ತಾರೆ. ಸೋತಿತು ಎನ್ನುವುದಿಲ್ಲ, ತಪ್ಪಿತು ಎನ್ನುವುದೂ ಇಲ್ಲ. ಚುನಾವಣೆಗೆ ನಿಂತವನು ಸೋಲುತ್ತಾನೆ, ಮಾತು ಕೊಟ್ಟವನು ತಪ್ಪುತ್ತಾನೆ, ಮಳೆ ಕೈಕೊಡುತ್ತದೆ. ಇಂಗ್ಲಿಷಿನ ‘ಫೇಲ್’ ಒಂದೇ ಆಗಿ ಹೊರಬಲ್ಲ ಅರ್ಥಗಳನ್ನು ಕನ್ನಡವು ಹಲವು ಧಾತುಗಳಿಗೆ ಹಂಚಿದೆ. ಹೀಗಿರುವಾಗ ಈ ಎರವಲು ಪದ ಕನ್ನಡದಲ್ಲಿ ಯಾವ ತೆರಪನ್ನು ತುಂಬಿತು ಎಂಬುದು ಇಲ್ಲಿನ ಪ್ರಶ್ನೆ.

ಹಳೆಯ ಹಂಚಿಕೆಗೆ ಈ ಸೀಮೆಯ ಶಾಸನಗಳೇ ಸಾಕ್ಷಿ. ಕ್ರಿ.ಶ. 450ರ ಸುಮಾರಿನದೆಂದು ಎಣಿಸಲಾಗುವ, ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಶಾಪಭಾಗದಲ್ಲಿ ಬರುವುದು ‘ಅೞಿ’ ಧಾತು. ಅಲ್ಲಿ ದತ್ತಿಯ ಭಂಗವು ತಾನಾಗಿ ಒದಗುವ ವೈಫಲ್ಯವಲ್ಲ, ಕರ್ತೃವುಳ್ಳ ಪಾತಕ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಸ್ತಂಭವು ಎರಡನೆಯ ವೀರಬಲ್ಲಾಳನ (ಆಳ್ವಿಕೆ 1173–1220) ದಂಡನಾಯಕ ಕುವರಲಕ್ಷ್ಮನು ಪತ್ನಿ ಮತ್ತು ಪರಿವಾರದೊಡನೆ ಒಡೆಯನಿಗಾಗಿ ಪ್ರಾಣವಿತ್ತುದನ್ನು ಹೇಳುತ್ತದೆ. ಕೊಟ್ಟ ‘ಭಾಷೆ’ಗೆ ತಪ್ಪದಿರುವುದೇ ಈ ಪರಂಪರೆಯ ಪರಮಮೌಲ್ಯ. ವಿಜಯನಗರದ ಅರಸರ ಬಿರುದಾದ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬುದರಲ್ಲಿ ಅದರ ವಿರುದ್ಧರೂಪವಿದೆ.

ಈ ಬಿರುದಿನ ಚತುರ್ಥೀ ವಿಭಕ್ತಿಯು ಗಮನಾರ್ಹ. ತಪ್ಪುವುದು ಭಾಷೆಗೆ, ಸೋಲುವುದು ಎದುರಾಳಿಗೆ. ರೂಪಕ್ಕೆ ಮನಸೋಲುವಾಗಲೂ ಅದೇ ವಿಭಕ್ತಿ, ಏಕೆಂದರೆ ಅಲ್ಲಿಯೂ ಗೆದ್ದ ಇನ್ನೊಂದು ಪಕ್ಷವಿದೆ. ‘ಫೇಲಾಗು’ ಎಂಬುದಕ್ಕೆ ಈ ಚತುರ್ಥಿಯಿಲ್ಲ. ‘ಗಣಿತದಲ್ಲಿ ಫೇಲಾದ’ ಎನ್ನುತ್ತೇವೆ, ‘ಗಣಿತಕ್ಕೆ ಫೇಲಾದ’ ಎನ್ನುವುದಿಲ್ಲ. ಸೋಲಿಗೆ ಎದುರಾಳಿ ಬೇಕು, ತಪ್ಪಿಗೆ ಕಟ್ಟಳೆ ಬೇಕು. ಫೇಲಿಗೆ ಅಳತೆಗೋಲೊಂದಿದ್ದರೆ ಸಾಕು. ಅದು ಉತ್ತೀರ್ಣತೆಯ ಕನಿಷ್ಠ ಅಂಕವಾಗಬಹುದು, ಕೊಳವೆಬಾವಿಯ ಇಂಚುಲೆಕ್ಕದ ನೀರಾಗಬಹುದು.

ಇಂಗ್ಲಿಷಿನಲ್ಲಿ ಈ ಪದಕ್ಕಿದ್ದ ವ್ಯಾಪ್ತಿಯೆಲ್ಲ ನಮಗೆ ಬರಲಿಲ್ಲ. ವಂಚಿಸು ಎಂಬರ್ಥದ ಲ್ಯಾಟಿನ್ ‘ಫಾಲ್ಲೆರೆ’ ಇದರ ಮೂಲ. ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿದ ಬಳಿಕ ಇಲ್ಲವಾಗು, ಕುಂದು, ಕರ್ತವ್ಯಚ್ಯುತವಾಗು ಎಂದೆಲ್ಲ ಅದು ಹರಡಿತು. ಕನ್ನಡವು ಪರೀಕ್ಷೆ, ಯಂತ್ರ ಮತ್ತು ಅಂಗಾಂಗಗಳಿಗೆ ಸಲ್ಲುವ ಅರ್ಥಗಳನ್ನು ಮುಖ್ಯವಾಗಿ ಆರಿಸಿಕೊಂಡಿತು: ಬ್ರೇಕು ಫೇಲು, ಕಿಡ್ನಿ ಫೇಲು. ‘ಮಾತಿಗೆ ಫೇಲಾದ’ ಎಂಬ ಪ್ರಯೋಗ ಹುಟ್ಟಲಿಲ್ಲ. ಆ ಸ್ಥಾನದಲ್ಲಿ ‘ತಪ್ಪು’ ಇಂದಿಗೂ ಭದ್ರ.

ಸೋದರ ಭಾಷೆಗಳು ಬೇರೆ ದಾರಿಯನ್ನೂ ಹಿಡಿದಿವೆ. ತೆಲುಗಿನಲ್ಲಿ ‘ಪರೀಕ್ಷ ತಪ್ಪಾಡು’ ಎಂದರೆ ಅನುತ್ತೀರ್ಣನಾದ. ತಮಿಳು ಪರೀಕ್ಷೆಗೂ ಸೋಲಿನ ಪದವಾದ ‘ತೋಲ್ವಿ’ಯನ್ನು ಬಳಸುತ್ತದೆ. ಕನ್ನಡದಲ್ಲಾದರೋ ‘ಪರೀಕ್ಷೆ ತಪ್ಪಿತು’ ಎಂದರೆ ಬರೆಯುವ ಅವಕಾಶವೇ ಕೈಬಿಟ್ಟಿತೆಂದು ಅರ್ಥ. ‘ಪರೀಕ್ಷೆಯಲ್ಲಿ ಸೋತ’ ಎಂಬುದು ಸಾಧ್ಯವಾದರೂ ಹೋರಾಟದ ಛಾಯೆಯನ್ನು ತರುತ್ತದೆ. ಆದುದರಿಂದ ಫೇಲು, ನಪಾಸು, ಅನುತ್ತೀರ್ಣ ಎಂಬ ಮೂರೂ ಈ ತೆರಪಿಗೆ ಬಂದವು. ಇವುಗಳಲ್ಲಿ ‘ನಪಾಸು’ ಇಂಗ್ಲಿಷ್ ಪದಕ್ಕೆ ದೇಶೀಯ ನಿಷೇಧಪ್ರತ್ಯಯ ಹತ್ತಿದ ಮಿಶ್ರರೂಪ. ‘ಅನುತ್ತೀರ್ಣ’ ಅಂಕಪಟ್ಟಿಯ ಭಾಷೆ. ಆಡುಮಾತಿನಲ್ಲಿ ಉಳಿದದ್ದು ‘ಫೇಲು’.

ಎರವಲು ಇಲ್ಲಿಗೇ ನಿಲ್ಲಲಿಲ್ಲ. ‘ಅವನು ಎಸ್ಸೆಸ್ಸೆಲ್ಸಿ ಫೇಲು’ ಎಂಬ ವಾಕ್ಯದಲ್ಲಿ ಕ್ರಿಯಾಪದವಿಲ್ಲ, ಆದ್ದರಿಂದ ಕಾಲಸೂಚನೆಯೂ ಇಲ್ಲ. ‘ಫೇಲಾದ’ ಎಂಬುದು ಒಂದು ದಿನದ ಘಟನೆ. ‘ಫೇಲು’ ಎಂಬ ನಾಮಾಖ್ಯಾತವು ವಿದ್ಯಾರ್ಹತೆಯ ಅಂಕಣದಲ್ಲಿ ಕುಳಿತು ಮನುಷ್ಯನ ಸ್ಥಿರಲಕ್ಷಣವಾಗುತ್ತದೆ. ಸೋತವನು ಮುಂದೆ ಗೆಲ್ಲಬಹುದು, ತಪ್ಪಿದವನು ತಿದ್ದಿಕೊಳ್ಳಬಹುದು. ‘ಫೇಲು’ ಎನಿಸಿಕೊಂಡವನಿಗೆ ವ್ಯಾಕರಣವು ಅಂತಹ ಮುಂದಿನ ಕಾಲವನ್ನು ಕೊಡುವುದಿಲ್ಲ. 2024ರಲ್ಲಿ ರಾಜ್ಯದಲ್ಲಿ ‘ಪೂರಕ ಪರೀಕ್ಷೆ’ಯ ಬದಲು ‘ಪರೀಕ್ಷೆ 1, 2, 3’ ಎಂಬ ಹೆಸರುಗಳು ಬಂದವು. ಪರೀಕ್ಷೆಯ ಹೆಸರು ಬದಲಾದಷ್ಟು ಸುಲಭವಾಗಿ ಈ ನಾಮಪ್ರಯೋಗ ಬದಲಾಗದು. ಅದನ್ನು ಮತ್ತೆ ಕ್ರಿಯಾಪದವಾಗಿಸಿ, ‘ಆ ವರ್ಷ ಫೇಲಾಗಿದ್ದ’ ಎನ್ನುವುದು ಭಾಷೆಯಲ್ಲಿ ಈಗಲೂ ಸಾಧ್ಯ; ಹಾಗೆನ್ನುವ ಹೊಣೆ ಆಡುವವರದು.